ಆನ್‌ಲೈನ್ ಕ್ಲಾಸಿನಲ್ಲಿ ಮುಖ ಬೇಡ, ನೋಟ್‌ಬುಕ್ ನೋಡಿ

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಹನ್ನೊಂದು ವರ್ಷ ಗಣಿತ ಕಲಿಸಿದೆ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಹೋಯಿತು. ಅಲ್ಲಿಯವರೆಗೂ ಫೋನಿನಲ್ಲೇ ರಿವಿಷನ್ ಮಾಡಿಸಿದೆ. ಈಗ ನನ್ನ ಪೂರ್ತಿ ಕೆಲಸವೇ ಅದು. ಕನ್ನಡ ಮಾಧ್ಯಮದ ಹತ್ತನೇ ಕ್ಲಾಸಿನ ಮಕ್ಕಳಿಗೆ ಆನ್‌ಲೈನ್ ಗಣಿತ.

ಆಗ ಪ್ರತಿ ಲೆಕ್ಕ ಮುಗಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳುತ್ತಿದ್ದೆ. "ಆಯ್ತು ಮಿಸ್" ಅನ್ನುತ್ತಿದ್ದರು. ಒಬ್ಬ ಹುಡುಗ ಒಂದು ದಿನವೂ ಕ್ಲಾಸ್ ತಪ್ಪಿಸಿರಲಿಲ್ಲ. ಪರೀಕ್ಷೆಗೆ ಎರಡು ವಾರ ಇದ್ದಾಗ ಅವನ ನೋಟ್‌ಬುಕ್ಕಿನ ಫೋಟೊ ತರಿಸಿಕೊಂಡೆ. ಏಪ್ರಿಲ್‌ನಿಂದ ಈಚೆಗೆ ಒಂದು ಲೆಕ್ಕವೂ ಇರಲಿಲ್ಲ. ಅವನು ಸುಮ್ನೆ ನನ್ನ ದನಿ ಕೇಳುತ್ತಾ ಕೂತಿದ್ದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ಆನ್‌ಲೈನ್ ಪಾಠ ಶುರುಮಾಡುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಮಗುವಿನ ಕೈ ಬರೆಯುತ್ತಿದೆಯಾ ಅಂತ ನೋಡಿ. ಕ್ಯಾಮೆರಾ ಆನ್ ಮಾಡು ಅಂತ ಬೈಯಬೇಡಿ. ಎಷ್ಟೋ ಮನೆಗಳಲ್ಲಿ ಇರುವುದೇ ಒಂದು ಕೋಣೆ. ಅಲ್ಲೇ ಅಡುಗೆ, ಅಲ್ಲೇ ಅಜ್ಜಿಯ ಹಾಸಿಗೆ. ಅದನ್ನೆಲ್ಲ ತೋರಿಸಲು ಮಕ್ಕಳಿಗೆ ಮುಜುಗರ ಆಗುತ್ತದೆ. ಲೆಕ್ಕ ಮಾಡುವ ಮೂರು ನಿಮಿಷ ಮಾತ್ರ ಹಿಂದಿನ ಕ್ಯಾಮೆರಾ ನೋಟ್‌ಬುಕ್ಕಿಗೆ ತಿರುಗಿಸಿ ಅನ್ನಿ. ಎರಡು ಸ್ಟೀಲ್ ಡಬ್ಬ ಒಂದರ ಮೇಲೊಂದು ಇಟ್ಟು, ಫೋನು ಅರ್ಧ ಹೊರಗೆ ಚಾಚುವಂತೆ ಮಲಗಿಸಿ, ಜಾರದಂತೆ ಮೇಲೊಂದು ಪುಸ್ತಕ ಹೇರಿದರೆ ಸಾಕು. ನಾನೂ ಹಾಗೇ ಕಾಗದದ ಮೇಲೆ ಬರೆದು ಕಲಿಸುತ್ತೇನೆ. ಸ್ಲೈಡ್ ತೋರಿಸಿದರೆ ಉತ್ತರ ಒಂದೇ ಸಲ ಬಂದು ಕೂರುತ್ತದೆ. ಕೈಯಲ್ಲಿ ಬರೆದರೆ ಮಕ್ಕಳೂ ಜೊತೆಜೊತೆಗೆ ಬರೆಯುತ್ತಾ ಬರುತ್ತಾರೆ.

ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಟೀಚರ್‌ಗಳು ಸಾಮಾನ್ಯವಾಗಿ ಒಂದು ಸೆಕೆಂಡ್ ಕೂಡ ಕಾಯುವುದಿಲ್ಲ, ಮೂರು ಸೆಕೆಂಡ್ ಕಾದರೆ ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ ಅಂತ ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಬರೆದಿದ್ದರು. ಅದು ಎದುರಿಗೆ ಕೂತ ಮಕ್ಕಳ ಮಾತು. ಇಲ್ಲಿ ದನಿ ತಲುಪುವುದು ತಡ, ಮ್ಯೂಟ್ ತೆಗೆಯುವುದು ಇನ್ನೂ ತಡ. ನಾನು ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ.

ಇನ್ನು ಎಂಥ ಪ್ರಶ್ನೆ ಕೇಳಬೇಕು? ತಪ್ಪು ಎಲ್ಲಿ ಆಗಿದೆ ಅಂತ ತೋರಿಸಿಕೊಡುವಂಥದ್ದು. ಸಮಾಂತರ ಶ್ರೇಢಿ, ಅಂದರೆ ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲಿನ ಪಾಠದಲ್ಲಿ ನಾನು 5, 8, 11, 14 ಬರೆದು ಹತ್ತನೇ ಪದ ಕೇಳುತ್ತೇನೆ. ಉತ್ತರ ಚಾಟ್‌ನಲ್ಲಿ ಟೈಪ್ ಮಾಡಿ, ಆದರೆ ಕಳಿಸಬೇಡಿ ಅನ್ನುತ್ತೇನೆ. "ಒಂದು, ಎರಡು, ಮೂರು" ಅಂದ ಮೇಲೆ ಎಲ್ಲರದೂ ಒಟ್ಟಿಗೆ ಬರಬೇಕು. ಆಗ ಯಾರೂ ಯಾರದನ್ನೂ ನೋಡಿ ಬರೆಯಲು ಆಗುವುದಿಲ್ಲ. ಕೆಲವರದು 32, ಕೆಲವರದು 35. 35 ಬರೆದವರು ಮೂರನ್ನು ಹತ್ತು ಸಲ ಕೂಡಿಸಿರುತ್ತಾರೆ. ತಪ್ಪು ಅಂತ ನಾನು ಹೇಳುವುದಿಲ್ಲ. "ಒಂದು ಸಾಲಿನಲ್ಲಿ ಹತ್ತು ಅಡಿಕೆ ಮರ ಬರೀರಿ. ಮೊದಲ ಮರದಿಂದ ಕೊನೆ ಮರಕ್ಕೆ ಹೋಗೋಕೆ ಎಷ್ಟು ಅಂತರ ದಾಟಬೇಕು?" ಅಂತ ಕೇಳುತ್ತೇನೆ. ಬರೆದು ಎಣಿಸಿದರೆ ಒಂಬತ್ತು. ಒಬ್ಬಳು ಹುಡುಗಿ "ಮಿಸ್, ಮೊದಲನೇ ಮರದ ಹತ್ರ ನಾವು ಆಗಲೇ ನಿಂತಿರ್ತೀವಲ್ಲ!" ಅಂದಿದ್ದಳು. ಎನ್‌ನೇ ಪದ ಕಂಡುಹಿಡಿಯುವ ಸೂತ್ರದಲ್ಲಿ ಎನ್ ಮೈನಸ್ ಒಂದು ಯಾಕೆ ಬಂತು ಅನ್ನುವುದನ್ನು ನಾನು ಅಷ್ಟು ಚೆಂದವಾಗಿ ಯಾವತ್ತೂ ಹೇಳಿರಲಿಲ್ಲ. ಈಗ ಪ್ರತಿ ವರ್ಷ ಅವಳ ಮಾತನ್ನೇ ಹೇಳುತ್ತೇನೆ.

ಬ್ಯಾಚಿಗೆ ಹನ್ನೆರಡು ಮಕ್ಕಳಿಗಿಂತ ಜಾಸ್ತಿ ಬೇಡ. ಹನ್ನೆರಡು ನೋಟ್‌ಬುಕ್ ದಿನಾ ನೋಡಬಹುದು, ಮೂವತ್ತು ಆಗುವುದಿಲ್ಲ. ಸಮಯ ಇಡುವ ಮೊದಲು ಮನೆಯಲ್ಲಿ ಫೋನು ಯಾರದು ಅಂತ ಕೇಳಿ. ನನ್ನ ಮಕ್ಕಳಲ್ಲಿ ಹೆಚ್ಚಿನವರಿಗೆ ಅಪ್ಪ ಕೆಲಸದಿಂದ ಬಂದ ಮೇಲೆಯೇ ಫೋನು ಸಿಗುವುದು. ಅದಕ್ಕೇ ನಮ್ಮ ಕ್ಲಾಸ್ ಏಳೂವರೆಗೆ. ಜೂಮ್ ಪುಕ್ಕಟೆಯಾಗಿ ಕೊಡುವುದು 40 ನಿಮಿಷ. ದಿನವಿಡೀ ಶಾಲೆಯಲ್ಲಿ ಕೂತು ಬಂದ ಮಕ್ಕಳಿಗೆ ಅಷ್ಟು ಸಾಕು.

ಶಾಲೆಯ ಕೆಲಸ ಬಿಟ್ಟು ಬರುವವರು ಒಂದು ವಿಷಯ ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವುದನ್ನು ನಿಷೇಧಿಸುತ್ತದೆ. ಕೆಲಸದಲ್ಲಿ ಇದ್ದುಕೊಂಡೇ ಸಂಜೆ ಬ್ಯಾಚ್ ನಡೆಸಿ ನೋಡೋಣ ಅಂದರೆ ಆಗುವುದಿಲ್ಲ. ನಾನು ಆರು ತಿಂಗಳ ಮನೆಖರ್ಚು ಕೂಡಿಟ್ಟು ರಾಜೀನಾಮೆ ಕೊಟ್ಟೆ. ಏಪ್ರಿಲ್, ಮೇ ತಿಂಗಳಲ್ಲಿ ಫೀಸು ಬರುವುದಿಲ್ಲ, ಅದನ್ನೂ ಲೆಕ್ಕದಲ್ಲಿ ಹಿಡಿಯಿರಿ.

ಜುಲೈ ಬಂತೆಂದರೆ ಮಲೆನಾಡಿನಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ ಅಲ್ವಾ? ಅದಕ್ಕೆ ಪ್ರತಿ ಸೋಮವಾರವೇ ವಾರದ ಲೆಕ್ಕಗಳ ಹಾಳೆಯನ್ನು ವಾಟ್ಸಾಪ್‌ನಲ್ಲಿ ಕಳಿಸಿಬಿಡುತ್ತೇನೆ. ಕ್ಲಾಸ್ ಕಟ್ ಆದ ದಿನ ಮಕ್ಕಳು ಆ ದಿನದ ಲೆಕ್ಕ ಮಾಡಿಟ್ಟು, ಸಿಗ್ನಲ್ ಬಂದಾಗ ಫೋಟೊ ಹಾಕುತ್ತಾರೆ. ನಾನು ಒಬ್ಬೊಬ್ಬರಿಗೂ ಹೆಸರು ಹಿಡಿದು ವಾಯ್ಸ್ ನೋಟ್ ಕಳಿಸುತ್ತೇನೆ: "ಮೂರನೇ ಸಾಲು ನೋಡು, ಚಿಹ್ನೆ ಬದಲಾಗಿದೆ. ಅಲ್ಲಿಂದ ಮತ್ತೆ ಮಾಡು."