ಬಲದ ಲೆಕ್ಕ: ಸೂತ್ರಕ್ಕೆ ಯಾವ ಬಲ, ಯಾವ ದ್ರವ್ಯರಾಶಿ?

ನ್ಯೂಟನ್ 1687ರಲ್ಲಿ ಪ್ರಕಟಿಸಿದ ಚಲನೆಯ ಎರಡನೆಯ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ: ಬಲ = ದ್ರವ್ಯರಾಶಿ × ವೇಗೋತ್ಕರ್ಷ. ಗುಣಿಸಲು, ಭಾಗಿಸಲು ಬರುವ ವಿದ್ಯಾರ್ಥಿಯೂ ಇಲ್ಲಿ ಎಡವುವುದುಂಟು. ಏಕೆಂದರೆ ಯಾವ ಬಲವನ್ನು, ಯಾವುದರ ದ್ರವ್ಯರಾಶಿಯನ್ನು ಸೂತ್ರಕ್ಕೆ ಹಾಕಬೇಕೆಂಬುದನ್ನು ಸೂತ್ರವೇ ಹೇಳುವುದಿಲ್ಲ.

ಕಲಬುರಗಿಯ ಗಂಜ್‌ನಲ್ಲಿ ತೊಗರಿ ಚೀಲ ಹೇರಿದ ಒಂದು ತಳ್ಳುಬಂಡಿಯನ್ನು ತೆಗೆದುಕೊಳ್ಳೋಣ. ಬಂಡಿ 50 ಕಿ.ಗ್ರಾಂ, ಅದರ ಮೇಲೆ 50 ಕಿ.ಗ್ರಾಂನ ಮೂರು ಚೀಲ, ಹಮಾಲರು ತಳ್ಳುವ ಬಲ 300 ನ್ಯೂಟನ್, ಎದುರಾಗುವ ಘರ್ಷಣೆ 100 ನ್ಯೂಟನ್ ಎಂದಿಟ್ಟುಕೊಳ್ಳಿ. ಮೊದಲು ಚಿತ್ರ ಬರೆದು, ಯಾವುದರ ಚಲನೆ ಬೇಕೋ ಅದರ ಸುತ್ತ ಗೆರೆ ಎಳೆಯಿರಿ. ಗೆರೆಯೊಳಗೆ ಬಂಡಿ ಮತ್ತು ಚೀಲಗಳು ಬರುತ್ತವೆ, ತಳ್ಳುವವರು ಹೊರಗುಳಿಯುತ್ತಾರೆ. ಆದ್ದರಿಂದ ದ್ರವ್ಯರಾಶಿ 200 ಕಿ.ಗ್ರಾಂ. ಆಮೇಲೆ ಹೊರಗಿನಿಂದ ಒಳಗಿನ ವಸ್ತುವಿನ ಮೇಲೆ ಬೀಳುವ ಒಂದೊಂದು ಬಲಕ್ಕೂ ಬಾಣ ಹಾಕಿರಿ. ಕೆಳಮುಖವಾದ ತೂಕವೂ ರಸ್ತೆ ಕೊಡುವ ಮೇಲ್ಮುಖವಾದ ಆಧಾರವೂ ಸಮವಾಗಿ ರದ್ದಾಗುತ್ತವೆ. ಮುಂದಕ್ಕೆ 300, ಹಿಂದಕ್ಕೆ 100. ಉಳಿಯುವ ನಿವ್ವಳ ಬಲ 200 ನ್ಯೂಟನ್. ಇದನ್ನು 200ರಿಂದ ಭಾಗಿಸಿದರೆ ವೇಗೋತ್ಕರ್ಷ 1 ಮೀ/ಸೆ², ಅಂದರೆ ಬಂಡಿಯ ವೇಗ ಸೆಕೆಂಡಿಗೆ 1 ಮೀ/ಸೆನಷ್ಟು ಏರುತ್ತಾ ಹೋಗುತ್ತದೆ. ಘರ್ಷಣೆಯನ್ನು ಮರೆತವರಿಗೆ 1.5 ಬರುತ್ತದೆ.

ಈಗ ಎರಡು ಚೀಲ ಇಳಿಸಿ, ಅಷ್ಟೇ ಬಲದಿಂದ ತಳ್ಳಲಿ. ದ್ರವ್ಯರಾಶಿ ಅರ್ಧವಾಯಿತು, ಆದ್ದರಿಂದ ವೇಗೋತ್ಕರ್ಷ 2 ಮೀ/ಸೆ² ಆಗಬೇಕೆಂದು ತಟ್ಟನೆ ಅನ್ನಿಸುತ್ತದೆ. ಆದರೆ ಭಾರ ಇಳಿದಂತೆ ಘರ್ಷಣೆಯೂ ಸುಮಾರಾಗಿ ಅದೇ ಪ್ರಮಾಣದಲ್ಲಿ ಇಳಿದು 50 ನ್ಯೂಟನ್ ಆಗುವುದರಿಂದ, ನಿವ್ವಳ ಬಲ 250 ನ್ಯೂಟನ್‌ಗೆ ಏರಿ, ವೇಗೋತ್ಕರ್ಷ 2.5 ಮೀ/ಸೆ² ಆಗುತ್ತದೆ. ‘ದ್ರವ್ಯರಾಶಿ ಅರ್ಧವಾದರೆ ವೇಗೋತ್ಕರ್ಷ ಇಮ್ಮಡಿ’ ಎಂಬ ಮಾತು ನಿವ್ವಳ ಬಲ ಬದಲಾಗದಿದ್ದಾಗ ಮಾತ್ರ ನಿಜ. ಈ ಷರತ್ತನ್ನು ಬಿಟ್ಟು ಕಲಿಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ ಎಂದು ನನ್ನ ಅನಿಸಿಕೆ. ಮೂರೂ ಚೀಲವಿರುವ ಬಂಡಿ ಒಮ್ಮೆ ವೇಗ ಹಿಡಿದ ಮೇಲೆ ಹಮಾಲರು 100 ನ್ಯೂಟನ್ ಬಲದಿಂದಷ್ಟೇ ತಳ್ಳುತ್ತಿದ್ದರೆ ಅದು ಒಂದೇ ವೇಗದಲ್ಲಿ ಸಾಗುತ್ತದೆ: ಬೆವರು ಹರಿಯುತ್ತಿದ್ದರೂ ನಿವ್ವಳ ಬಲ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ.

ಏಕಮಾನಗಳನ್ನು ಲೆಕ್ಕಕ್ಕೆ ಇಳಿಯುವ ಮೊದಲೇ ಸರಿಪಡಿಸಿಕೊಳ್ಳಿ. ಗ್ರಾಂ ಇದ್ದರೆ ಕಿ.ಗ್ರಾಂ, ಗಂಟೆಗೆ 72 ಕಿ.ಮೀ. ಎಂದಿದ್ದರೆ 20 ಮೀ/ಸೆ. ತಕ್ಕಡಿಯಲ್ಲಿ 50 ಕಿ.ಗ್ರಾಂ ತೂಗಿದ ಚೀಲದ ಮೇಲೆ ಭೂಮಿಯ ಸೆಳೆತ ಸುಮಾರು 490 ನ್ಯೂಟನ್. ಬಲವಿರಬೇಕಾದ ಜಾಗದಲ್ಲಿ 50 ಎಂದು ಬರೆದರೆ ಉತ್ತರ ಹತ್ತು ಪಟ್ಟು ಕೆಡುತ್ತದೆ.

ಮನೆಯಲ್ಲೇ ಪರೀಕ್ಷಿಸಬೇಕೆಂದರೆ, ಚೆನ್ನಾಗಿ ಉರುಳುವ ಆಟಿಕೆ ಗಾಡಿಯೊಂದರಲ್ಲಿ ಬೇಳೆಯ ಪೊಟ್ಟಣಗಳನ್ನಿಟ್ಟು ಒಟ್ಟು 450 ಗ್ರಾಂ ಆಗುವಂತೆ ಮಾಡಿ, ನುಣುಪಾದ ಶಹಾಬಾದ್ ಕಲ್ಲಿನ ಕಟ್ಟೆಯ ಮೇಲಿಡಿ. ಗಾಡಿಗೆ ಕಟ್ಟಿದ ದಾರವನ್ನು ಅಂಚಿನಲ್ಲಿ ಕೂರಿಸಿದ ಸಣ್ಣ ರಾಟೆಯ ಮೇಲಿಂದ ಇಳಿಬಿಟ್ಟು, ತುದಿಗೆ 50 ಗ್ರಾಂ ಪೊಟ್ಟಣ ತೂಗುಹಾಕಿ. ಇಲ್ಲಿ ಎಳೆಯುವುದು ತೂಗುವ ಪೊಟ್ಟಣದ ತೂಕ, ಸುಮಾರು 0.49 ನ್ಯೂಟನ್, ಆದರೆ ಗಾಡಿಯೊಡನೆ ಆ ಪೊಟ್ಟಣವೂ ಚಲಿಸುವುದರಿಂದ ಭಾಗಿಸಬೇಕಾದದ್ದು 0.5 ಕಿ.ಗ್ರಾಂನಿಂದ. ಘರ್ಷಣೆ ಇಲ್ಲವೆಂದುಕೊಂಡರೆ ವೇಗೋತ್ಕರ್ಷ 0.98 ಮೀ/ಸೆ², ನಿಂತಲ್ಲಿಂದ 70 ಸೆಂ.ಮೀ. ದಾಟಲು ಸುಮಾರು 1.2 ಸೆಕೆಂಡು ಬೇಕು. ಮೊಬೈಲಿನ ಸ್ಟಾಪ್‌ವಾಚ್ ಒತ್ತುವಾಗ ಬೆರಳು ತಡವಾಗುವುದು ಸಹಜ, ಆದ್ದರಿಂದ ವಿಡಿಯೋ ಮಾಡಿ ನೋಡುವುದೇ ಮೇಲು. ಬಳಿಕ ಗಾಡಿಯೊಳಗಿನ 50 ಗ್ರಾಂ ತೆಗೆದು ದಾರದ ತುದಿಗೇ ಸೇರಿಸಿದರೆ, ಒಟ್ಟು ದ್ರವ್ಯರಾಶಿ ಹಾಗೆಯೇ ಇದ್ದು ಬಲ ಇಮ್ಮಡಿಯಾಗುತ್ತದೆ, ವೇಗೋತ್ಕರ್ಷವೂ ಇಮ್ಮಡಿಯಾಗುತ್ತದೆ. ಆದರೆ ಸಮಯ 0.6ಕ್ಕೆ ಇಳಿಯದೆ ಸುಮಾರು 0.85 ಸೆಕೆಂಡಿನಲ್ಲಿ ನಿಲ್ಲುತ್ತದೆ. ನಿಶ್ಚಲತೆಯಿಂದ ಹೊರಟ ವಸ್ತು ದಾಟುವ ದೂರವು ಸಮಯದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದೇ ಇದಕ್ಕೆ ಕಾರಣ.