ಗೀರು ಬಿದ್ದದ್ದು ಬಾಗಿಲಿನ ಒಳಗಿಂದ

ನಮ್ಮ ಮನೆ ಕಟಪಾಡಿಯಲ್ಲಿ. ನನಗೂ ಹೆಂಡತಿಗೂ ಕೆಲಸ ಮಂಗಳೂರಿನಲ್ಲಿ. ಬೆಳಿಗ್ಗೆ ಹೈವೇಯಲ್ಲಿ ದಕ್ಷಿಣಕ್ಕೆ ಹೊರಟರೆ ಬಿಸಿಲು ಎಡಗಡೆಯಿಂದ. ಸಂಜೆ ಉತ್ತರಕ್ಕೆ ತಿರುಗಿದರೂ ಬಿಸಿಲು ಎಡಗಡೆಯಿಂದಲೇ. ಡ್ರೈವರ್ ಸೀಟಿನಲ್ಲಿ ಕೂತ ನನಗೆ ಇದು ಗೊತ್ತೇ ಆಗಿರಲಿಲ್ಲ. "ನಿಮಗೇನು, ಎರಡು ಹೊತ್ತೂ ಸುಡುವುದು ನನ್ನ ಕೈ" ಎಂದು ಹೆಂಡತಿ ಹೇಳಿದ ಮೇಲೆ, ಮಾರ್ಚ್ ತಿಂಗಳಲ್ಲಿ ಕಾರಿನ ನಾಲ್ಕೂ ಬಾಗಿಲಿನ ಗ್ಲಾಸಿಗೆ ಬಿಸಿಲು ತಡೆಯುವ ಸನ್ ಫಿಲ್ಮ್ ಹಾಕಿಸಿದೆ.

ಕಪ್ಪು ಫಿಲ್ಮ್ ಅಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ನಿಲ್ಲಿಸಿದ್ದು ಎಲ್ಲರಿಗೂ ನೆನಪಿರಬೇಕು. ನಿಯಮದ ಪ್ರಕಾರ ಪಕ್ಕದ ಗ್ಲಾಸಿನಲ್ಲಿ ಕಡಿಮೆಯೆಂದರೆ 50%, ಮುಂದೆ ಹಿಂದೆ 70% ಬೆಳಕು ದಾಟಬೇಕು. ಆ ಅಳತೆಯೊಳಗಿನ ಫಿಲ್ಮ್ ಹಾಕಬಹುದು ಎಂದು ಕೇರಳ ಹೈಕೋರ್ಟ್ 2024ರಲ್ಲಿ ಹೇಳಿದೆ. ಆದರೂ ದಾರಿಯಲ್ಲಿ ಪೊಲೀಸರು ಕೇಳಿದರೆ ಇರಲಿ ಅಂತ ಬಿಲ್ಲನ್ನು ಡ್ಯಾಶ್‌ಬೋರ್ಡಿನಲ್ಲೇ ಇಟ್ಟಿದ್ದೇನೆ.

ಫಿಲ್ಮ್ ಹಾಕಿದ ಹುಡುಗ ಹೇಳಿದ್ದು ಒಂದೇ ಮಾತು. "ಐದು ದಿನ ಗ್ಲಾಸ್ ಇಳಿಸ್ಬೇಡಿ ಮಾರಾಯ್ರೆ, ಗಮ್ ಒಣಗ್ಬೇಕು." ಫಿಲ್ಮ್ ಅಂಟಿಸುವುದು ಸೋಪು ನೀರು ಚಿಮುಕಿಸಿ, ಆಮೇಲೆ ರಬ್ಬರ್ ಪಟ್ಟಿಯಿಂದ ನೀರು ಒತ್ತಿ ತೆಗೆದು. ಎಷ್ಟು ಒತ್ತಿದರೂ ಒಳಗೆ ಸ್ವಲ್ಪ ತೇವ ಉಳಿಯುತ್ತದೆ. ನಮ್ಮ ಊರಿನ ಸೆಕೆಗೆ ಅದು ಬೇಗ ಒಣಗುವುದೂ ಇಲ್ಲ.

ನಾಲ್ಕನೇ ದಿನ ಭಾನುವಾರ. ಮಗಳ ಹಠಕ್ಕೆ ಮಲ್ಪೆ ಬೀಚಿಗೆ ಹೋದೆವು. ಕಾರು ಎರಡು ಗಂಟೆ ಬಿಸಿಲಲ್ಲೇ ನಿಂತಿತ್ತು. ವಾಪಸ್ ಬಂದು ಬಾಗಿಲು ತೆಗೆದರೆ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ. ಹುಡುಗನ ಮಾತು ಮರೆತೇಹೋಯಿತು. ನಾಲ್ಕೂ ಗ್ಲಾಸ್ ಇಳಿಸಿದೆ. ಮಗಳು ಒದ್ದೆ ಬೈರಾಸನ್ನು (ಟವೆಲನ್ನು) ಎಡಗಡೆಯ ಕಿಟಕಿಯ ಅಂಚಿಗೆ ಒಣಗಲು ಹಾಕಿದಳು. ಹಾರಿಹೋಗದಿರಲಿ ಎಂದು ಗ್ಲಾಸನ್ನು ಅರ್ಧ ಏರಿಸಿ ಸಿಕ್ಕಿಸಿದ್ದು ನಾನೇ.

ಫಿಲ್ಮ್ ಏನೂ ಏಳಲಿಲ್ಲ. ಬಚಾವ್ ಅಂದುಕೊಂಡೆ.

ಎರಡು ವಾರ ಕಳೆದ ಮೇಲೆ, ಸಂಜೆ ಪಡುಬಿದ್ರಿ ದಾಟುವಾಗ, ಓರೆ ಬಿಸಿಲಿಗೆ ಎಡಗಡೆಯ ಗ್ಲಾಸಿನಲ್ಲಿ ಏನೋ ಮಿನುಗಿತು. ಐದಾರು ಗೀರು, ಮೇಲಿಂದ ಕೆಳಕ್ಕೆ ಸ್ಕೇಲ್ ಇಟ್ಟು ಎಳೆದ ಹಾಗೆ. ನಾನು ಮಗಳ ಬಳೆಯ ಮೇಲೆ ತಪ್ಪು ಹೊರಿಸಿದೆ. ಅವಳು ಅಲ್ಲವೇ ಅಲ್ಲ ಅಂದಳು.

ಅಂಗಡಿಗೆ ತೋರಿಸಿದಾಗ ಹುಡುಗ ಗ್ಲಾಸನ್ನು ಸರಿಯಾಗಿ ನೋಡಲೂ ಇಲ್ಲ. ಗ್ಲಾಸ್ ಪೂರ್ತಿ ಇಳಿಸಿ, ಅದು ಒಳಗೆ ಹೋಗುವ ಜಾಗದಲ್ಲಿರುವ ರಬ್ಬರ್ ಪಟ್ಟಿಯನ್ನು, ಅಂದರೆ ಬೀಡಿಂಗನ್ನು, ಹೆಬ್ಬೆರಳಿನಿಂದ ಹಿಂದಕ್ಕೆ ಮಡಚಿ ಮೊಬೈಲ್ ಟಾರ್ಚ್ ಬಿಟ್ಟ. ಬೀಡಿಂಗಿನ ಒಳಮೈಗೆ ವೆಲ್ವೆಟ್ ತರಹದ ಮೆತ್ತನೆ ಪಟ್ಟಿ ಇರುತ್ತದಲ್ವಾ? ಅದರ ರೋಮದೊಳಗೆ ಹೊಯಿಗೆ (ಮರಳು) ಸಾಲಾಗಿ ಕೂತಿತ್ತು, ಮೀನಿನ ಮೊಟ್ಟೆಯ ಹಾಗೆ. ನಡುನಡುವೆ ಕೆಂಪು ಧೂಳು. "ಈ ಗೀರು ಹೊರಗಿಂದ ಬಿದ್ದದ್ದಲ್ಲ, ಡೋರಿನ ಒಳಗಿಂದ ಬಿದ್ದದ್ದು. ನೀವು ಗ್ಲಾಸ್ ಏರಿಸುವಾಗೆಲ್ಲ ಗೀರ್ತಾ ಉಂಟು" ಅಂದ.

ಸನ್ ಫಿಲ್ಮ್ ಗ್ಲಾಸಿನ ಒಳಬದಿಗೆ ಇರುವುದು. ಅದು ಪ್ಲಾಸ್ಟಿಕ್ಕು, ದಪ್ಪ 0.05 ಮಿ.ಮೀ. ಆಸುಪಾಸು. ಮೇಲೆ ಗೀರು ತಡೆಯುವ ಲೇಪ ಇದ್ದರೂ ಹೊಯಿಗೆಯ ಮುಂದೆ ಅದು ಏನೂ ಅಲ್ಲ. ಹೊಯಿಗೆಯ ಕಾಳು ಗ್ಲಾಸಿಗಿಂತಲೇ ಗಟ್ಟಿ. ಬಿಸಿಲು ತಾನಾಗಿ ಗೀರು ಹಾಕುವುದಿಲ್ಲ. ಆದರೆ ಬೇಸಿಗೆಯಲ್ಲಿ ನಾವು ಸೆಕೆಗೆ ದಿನಕ್ಕೆ ಹತ್ತು ಸಲ ಗ್ಲಾಸ್ ಇಳಿಸಿ ಏರಿಸುತ್ತೇವೆ, ಧೂಳು ಒಣಗಿ ಪುಡಿಯಾಗಿರುತ್ತದೆ, ಬೀಡಿಂಗಿನ ರಬ್ಬರ್ ಬಿಸಿಗೆ ಗಡುಸಾಗುತ್ತಾ ಹೋಗುತ್ತದೆ. ಮೂರೂ ಒಟ್ಟಿಗೆ ಸೇರಿದ್ದಕ್ಕೆ ನನ್ನ ಫಿಲ್ಮ್ ಹೋಯಿತು.

ಆ ಮೇಲೆ ನಾನು ಇನ್ನೊಂದು ಪೆದ್ದ ಕೆಲಸ ಮಾಡಿದೆ. ಟೂತ್‌ಪೇಸ್ಟ್ ಹಾಕಿ ತಿಕ್ಕಿದರೆ ಗೀರು ಹೋಗುತ್ತದೆ ಎಂದು ಯಾರೋ ಹೇಳಿದ್ದರು. ಗೀರು ಹೋಗಲಿಲ್ಲ. ಅಂಗೈ ಅಗಲದ ಜಾಗ ಮಂಜು ಕವಿದ ಹಾಗೆ ಮಸುಕಾಯಿತು. ಫಿಲ್ಮಿಗೆ ಪಾಲಿಶ್ ಎಂಬುದೇ ಇಲ್ಲ. ಕಿತ್ತು ಹೊಸತು ಹಾಕುವುದೊಂದೇ ದಾರಿ. ಆ ಒಂದು ಗ್ಲಾಸಿನದ್ದು ಹಾಕಿಸಿದೆ. ಈ ಸಲ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ ವಾರಪೂರ್ತಿ ಮುಟ್ಟಲಿಲ್ಲ.

ಈಗ ನಾನು ಮಾಡುವುದು ಹೀಗೆ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಕಾರು ತಣ್ಣಗಿರುವಾಗ, ಗ್ಲಾಸ್ ಇಳಿಸಿ ಬೀಡಿಂಗಿನ ಸಂದಿಗೆ ಹಳೆ ಪೇಂಟ್ ಬ್ರಶ್ ಆಡಿಸುತ್ತೇನೆ. ಹಿಂದೆಯೇ ವ್ಯಾಕ್ಯೂಮಿನ ಚಪ್ಪಟೆ ಮೂತಿ ಹಿಡಿಯಬೇಕು, ಇಲ್ಲದಿದ್ದರೆ ಧೂಳು ಇನ್ನೂ ಕೆಳಗೆ ಇಳಿಯುತ್ತದೆ. ಆಮೇಲೆ ಒದ್ದೆ ಬಟ್ಟೆಯನ್ನು ಚಪ್ಪಟೆ ಐಸ್‌ಕ್ರೀಮ್ ಕಡ್ಡಿಗೆ ಸುತ್ತಿ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯುತ್ತೇನೆ. ಮೊದಲ ಸಲ ಬಟ್ಟೆ ಕೆಂಪು ಕಲ್ಲಿನ ಬಣ್ಣಕ್ಕೆ ಬಂದಿತ್ತು. ಬಟ್ಟೆ ಬೆಳ್ಳಗೆ ಬರುವವರೆಗೆ ಬಿಡುವುದಿಲ್ಲ. ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ರಬ್ಬರಿಗೆ ತೆಳ್ಳಗೆ ಸವರುತ್ತೇನೆ. ನೇರ ರಬ್ಬರಿಗೆ ಹೊಡೆದರೆ ಫಿಲ್ಮಿಗೆ ಸಿಡಿದು ಜಿಡ್ಡು ಹಿಡಿಯುತ್ತದೆ. ಎಣ್ಣೆ, ಗ್ರೀಸು ಬೇಡವೇ ಬೇಡ. ಅವು ಧೂಳನ್ನು ಕರೆದು ಕೂರಿಸಿಕೊಳ್ಳುತ್ತವೆ.

ಫಿಲ್ಮ್ ಒರೆಸುವುದಕ್ಕೆ ಬೇರೆಯೇ ಮೈಕ್ರೋಫೈಬರ್ ಬಟ್ಟೆ ಇಟ್ಟಿದ್ದೇನೆ. ಅದು ಡ್ಯಾಶ್‌ಬೋರ್ಡಿಗೂ ಇಲ್ಲ, ಬಾನೆಟ್ಟಿಗಂತೂ ಇಲ್ಲವೇ ಇಲ್ಲ. ಒಂದು ಬಾಟ್ಲಿ ನೀರಿಗೆ ಎರಡು ಹನಿ ಬೇಬಿ ಶಾಂಪೂ ಸಾಕು. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಫಿಲ್ಮಿಗೆ ಆಗುವುದಿಲ್ಲ, ಬಣ್ಣ ಕೆಡುತ್ತದೆ. ನ್ಯೂಸ್‌ಪೇಪರ್ ಒರೆಸುವುದು ನಮ್ಮ ಅಪ್ಪನ ಕಾಲದಿಂದ ಬಂದ ಅಭ್ಯಾಸ, ಬರೀ ಗ್ಲಾಸಿಗೆ ಸರಿ, ಫಿಲ್ಮಿಗಲ್ಲ. ನಮ್ಮ ಬೋರ್‌ವೆಲ್ ನೀರು ಒಣಗಿದರೆ ಬಿಳಿ ಕಲೆ ಬಿಡುತ್ತದೆ, ಆ ಕಲೆಯನ್ನು ಉಜ್ಜಲು ಹೋದರೆ ಮತ್ತೆ ಗೀರು. ಹಾಗಾಗಿ ಕೊನೆಗೊಮ್ಮೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಒರೆಸುತ್ತೇನೆ. ಇದು ಸ್ವಲ್ಪ ಜಾಸ್ತಿಯಾಯಿತು ಎಂದು ಹೆಂಡತಿ ಹೇಳುತ್ತಾಳೆ. ಇರಬಹುದು.

ಸಕ್ಷನ್ ಕಪ್ಪಿನ ಸನ್‌ಶೇಡ್ ತೆಗೆದು ಬಿಸಾಡಿದೆ. ಅದರ ಸಕ್ಷನ್ ಕಪ್ ಬಿಸಿಲಿಗೆ ಫಿಲ್ಮಿಗೆ ಅಂಟಿಕೊಂಡು, ಎಳೆದಾಗ ಉಂಗುರದಂಥ ಗುರುತು ಉಳಿಸಿತ್ತು.

ಹೊರಗಡೆಗೆ ಇಷ್ಟು ನಾಜೂಕು ಬೇಕಿಲ್ಲ, ಅದು ಗ್ಲಾಸು. ಆದರೂ ಒಣ ಬಟ್ಟೆ ಮಾತ್ರ ಮುಟ್ಟಿಸುವುದಿಲ್ಲ. ನೆರಳು ಸಿಕ್ಕಿತೆಂದು ಮಾವಿನ ಮರದ ಅಡಿಯಲ್ಲಿ ನಿಲ್ಲಿಸಿದರೆ ಜಿಗುಟು ಹನಿ ಬಿದ್ದಿರುತ್ತದೆ, ಅದರ ಮೇಲೆ ಧೂಳು. ಒದ್ದೆ ಬಟ್ಟೆಯನ್ನು ಐದು ನಿಮಿಷ ಹಾಸಿ ಬಿಟ್ಟರೆ ತಾನಾಗಿ ಬಿಡುತ್ತದೆ.

ಕಾದ ಕಾರಿನ ಬಿಸಿ ಹೊರಹಾಕಲು ಈಗ ಗ್ಲಾಸ್ ಇಳಿಸುವುದಿಲ್ಲ. ಒಂದು ಬದಿಯ ಬಾಗಿಲು ಪೂರ್ತಿ ತೆರೆದಿಟ್ಟು, ಎದುರು ಬದಿಯದ್ದನ್ನು ಬೀಸಣಿಗೆಯ ಹಾಗೆ ಐದಾರು ಸಲ ತೆಗೆದು ಹಾಕುತ್ತೇನೆ. ಬಿಸಿ ಗಾಳಿ ದಬಕ್ಕನೆ ಹೊರಗೆ ಹೋಗುತ್ತದೆ. ಮದುವೆ ಹಾಲಿನ ಎದುರು ಹೀಗೆ ಮಾಡುವಾಗ ನಾಲ್ಕು ಜನ ನಿಂತು ನೋಡುತ್ತಾರೆ. ಮದುವೆ, ಗೃಹಪ್ರವೇಶ, ಭೂತಕೋಲ ಅಂತ ಪತ್ತನಾಜೆವರೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ ಕೋಲಗಳು ನಿಲ್ಲುವ ದಿನದವರೆಗೆ, ನಮ್ಮ ಕಾರಿಗೆ ಪುರುಸೊತ್ತಿಲ್ಲ, ಹಾಗಾಗಿ ನೋಡುವವರಿಗೂ ಈಗ ಅಭ್ಯಾಸವಾಗಿದೆ.

ಮಲ್ಪೆಗೆ ಈಗಲೂ ಹೋಗುತ್ತೇವೆ. ಡಿಕ್ಕಿಯಲ್ಲಿ ಮುಚ್ಚಳದ ಬಕೆಟ್ ಉಂಟು, ಬೈರಾಸು ಅದಕ್ಕೆ. ಹಿಂದಿನ ಸೀಟಿನ ಎಡಗಡೆಯ ಗ್ಲಾಸಿನಲ್ಲೂ ಎರಡು ಗೀರು ಇದ್ದವು, ದುಡ್ಡು ದಂಡ ಯಾಕೆ ಅಂತ ಅದನ್ನು ಹಾಗೇ ಬಿಟ್ಟಿದ್ದೆ. ಮೊನ್ನೆ ಅಲ್ಲಿ ಕೂತ ಭಾವ ಬೆರಳಿಟ್ಟು ನೋಡಿ, "ಇದೇನು, ಮಗಳ ಕೆಲಸವಾ?" ಎಂದು ಕೇಳಿದರು.

"ಅಲ್ಲ ಮಾವ, ಅಪ್ಪಂದು" ಅಂದಳು ಪಕ್ಕದಲ್ಲಿದ್ದ ಮಗಳು.