ಹಳೆ 911ರ ಫ್ಯಾನ್ ಬದಲಿಸುವವರು ಗಮನಿಸಿ

ಏರ್ ಕೂಲ್ಡ್ (ಗಾಳಿಯಿಂದ ತಂಪಾಗುವ) ಪೋರ್ಷೆ 911 ಕಾರಿನಲ್ಲಿ 5 ಬ್ಲೇಡಿನ ಫ್ಯಾನ್ ತೆಗೆದು ಹಳೆಯ 11 ಬ್ಲೇಡಿನದನ್ನು ಹಾಕುವ ಯೋಚನೆ ಇದ್ದರೆ, ದಯವಿಟ್ಟು ಫ್ಯಾನ್ ಒಂದನ್ನೇ ಕೊಳ್ಳಬೇಡಿ. ಕ್ರ್ಯಾಂಕ್ ಪುಲ್ಲಿ (ಎಂಜಿನ್ ತಿರುಗಿಸುವ ಬೆಲ್ಟ್ ಚಕ್ರ), ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಪುಲ್ಲಿ, ಫ್ಯಾನಿನ ಹೌಸಿಂಗ್ (ಸುತ್ತಲಿನ ಕವಚ) ಎಲ್ಲವೂ ಒಂದೇ ಸೆಟ್ಟಿನವಾಗಿರಬೇಕು. ಇಲ್ಲದಿದ್ದರೆ ಫ್ಯಾನಿನ ವೇಗ ತಪ್ಪಿ ಎಂಜಿನ್ ತಂಪು ಮಾಡುವ ಲೆಕ್ಕ ಕೆಡುತ್ತದೆ. ಇಲ್ಲಿ ರೇಡಿಯೇಟರ್ ಇಲ್ಲ, ಎಂಜಿನ್ನಿನ ಉಸಿರೇ ಈ ಫ್ಯಾನ್.

ಈ ಎರಡು ಪುಲ್ಲಿಗಳನ್ನು ಜೋಡಿಸುವ ಬೆಲ್ಟ್ ಬಿಗಿ ಮಾಡುವುದೇ ನಾಜೂಕಿನ ಕೆಲಸ. ಆಲ್ಟರ್ನೇಟರ್ ಪುಲ್ಲಿಯ ಎರಡು ಹೋಳುಗಳ ನಡುವೆ ತೆಳು ಶಿಮ್‌ಗಳಿರುತ್ತವೆ (ಲೋಹದ ಬಿಲ್ಲೆಗಳು). ಒಂದು ತೆಗೆದರೆ ಹೋಳುಗಳು ಹತ್ತಿರ ಬಂದು ಬೆಲ್ಟ್ ಮೇಲೇರಿ ಬಿಗಿಯಾಗುತ್ತದೆ. ತೆಗೆದದ್ದನ್ನು ಎಸೆಯಬೇಡಿ, ಪುಲ್ಲಿಯ ಹೊರಗಡೆ, ನಟ್ಟಿನ ಕೆಳಗೆ ಇಡಿ. ಒಟ್ಟು ಲೆಕ್ಕ ಬದಲಾಗಬಾರದು. ನಟ್ ಬಿಗಿಯುವಾಗ ಎಂಜಿನ್ನನ್ನು ಕೈಯಿಂದ ನಿಧಾನ ತಿರುಗಿಸುತ್ತಿರಿ. ನಾನು ಮೊದಲ ಸಲ ಅದನ್ನು ಮರೆತು, ಹೋಳುಗಳ ನಡುವೆ ಬೆಲ್ಟ್ ಸಿಕ್ಕಿಬಿದ್ದು ಅಂಚು ಸಿಗಿದುಹೋಯಿತು, ಹೊಸ ಬೆಲ್ಟ್!

ಗಾಡಿ ಓಡುವಾಗ ಚಾರ್ಜಿಂಗ್ ದೀಪ ಹತ್ತಿದರೆ ತಕ್ಷಣ ನಿಲ್ಲಿಸಿ. ಬೆಲ್ಟ್ ತುಂಡಾಗಿದ್ದರೆ ಆಲ್ಟರ್ನೇಟರ್ ಜೊತೆಗೆ ಫ್ಯಾನೂ ನಿಂತಿರುತ್ತದೆ, ಏಕೆಂದರೆ ಎರಡೂ ಒಂದೇ ಶಾಫ್ಟಿನ ಮೇಲಿವೆ.